ಬರ್ನಡೀನ್ ತೆಗೆದ ವಾಕ್ಯ

ವೆಂಡೆಲ್ ಕ್ಲೈನ್‌ಫೆಲ್ಟರ್ ತನ್ನ ಕಾಗದಪತ್ರಗಳನ್ನೆಲ್ಲ ಹಳೆಯ ದಾಖಲೆಗಳ ಪತ್ರಾಗಾರಕ್ಕೆ ದಾನ ಕೊಡುತ್ತಾನಂತೆ ಎಂಬ ಸುದ್ದಿ ಬಂದಾಗ ಪತ್ರಾಗಾರ ನೋಡಿಕೊಳ್ಳುವ ಬರ್ನಡೀನ್ ಯುರ್ಕೋನಿಸ್ ಅಲ್ಲಿಯ ಸೋರುವ ಸೂರಿನ ಕೆಳಗಿಟ್ಟ ಬಕೆಟ್ಟನ್ನು ಬಾಗಿಲಾಚೆ ಚೆಲ್ಲುತ್ತಿದ್ದಳು.

"ಬರ್ಲಿ" ಅಂದಳು, ಅಷ್ಟೇ.

ಫೋನಿನ ಆ ಬದಿಗಿದ್ದವಳು ಲೊರೇನ್ ಪ್ಯೂ. ವಕೀಲೆ, ಪತ್ರಾಗಾರದ ಮಂಡಳಿಯ ಅಧ್ಯಕ್ಷೆ. ಆ 'ಬರ್ಲಿ'ಯ ದನಿ ಅವಳಿಗೆ ಹಿಡಿಸಲಿಲ್ಲ.

"ಬರ್ನಿ, ಮರ್ಯಾದೆಯಿಂದ ನಡ್ಕೋತೀಯ ತಾನೆ?"

"ನಾನು ಯಾವತ್ತು ಮರ್ಯಾದೆ ಬಿಟ್ಟಿದೀನಿ?"

"ಆ ಕಸದ ತೊಟ್ಟಿ ದಿನ."

"ಆವತ್ತು ನಾನು ತೊಟ್ಟಿಯೊಳಗಿದ್ದೆ. ತೊಟ್ಟಿಯೊಳಗೆ ನಿಂತೋಳ ಹತ್ರ ಯಾರೂ ಮರ್ಯಾದೆ ಕೇಳಲ್ಲ. ಹೊರಗೆ ನಿಂತು ತುಂಬಿಸಿದೋನ್ನ ಕೇಳ್ಬೇಕು."

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಸೇಂಟ್ ಜಾರ್ಜ್ ಚರ್ಚಿನ ಪಾದ್ರಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಾನೆ. ಬರ್ನಡೀನಳದು ಇಳಿದಿರಲಿಲ್ಲ. ಕಾಗದ ಕೆಡದೆ ಉಳಿಯಬೇಕಾದರೆ ತಂಪು ಬೇಕು, ಕತ್ತಲೆ ಬೇಕು, ತೇವ ತಾಗಬಾರದು. ಅವಳು ತನ್ನ ಸಿಟ್ಟನ್ನೂ ಹಾಗೇ ಇಟ್ಟುಕೊಂಡಿದ್ದಳು.

ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಕಣಿವೆಯಲ್ಲಿ ಹಾರೋ ಗ್ಯಾಪ್ ಎಂಬ ಊರು ಅವಳದು. ಅಪ್ಪ ಗಣಿಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಲಿಥುವೇನಿಯಾದವನು, ಕೊನೆಗೆ ಅದೇ ಕಲ್ಲಿದ್ದಲನ್ನು ಎದೆಯಲ್ಲಿ ತುಂಬಿಕೊಂಡು ಸತ್ತ. ಶಾಲೆ ಮುಗಿಸಿದವಳೇ ಅವಳು ಅಂಗಿ ಕಾರ್ಖಾನೆಗೆ ಸೇರಿ ಕಾಲರು ಹೊಲಿದಳು. ಅಲ್ಲಿ ಮುಷ್ಕರವಾಯಿತು. ಹಿಮದಲ್ಲಿ ಕಾರ್ಖಾನೆಯ ಬಾಗಿಲಿಗೆ ಅಡ್ಡ ನಿಂತವರಲ್ಲಿ ಅವಳೂ ಒಬ್ಬಳು. ಮುಷ್ಕರ ಗೆದ್ದರು. ಗೆದ್ದ ಮೇಲೆ ಮಾಲೀಕ ಹೊಲಿಗೆ ಯಂತ್ರಗಳನ್ನು ಬಿಚ್ಚಿ ದಕ್ಷಿಣಕ್ಕೆ ಸಾಗಿಸಿದ. ನಮ್ಮ ಕಣಿವೆಯ ಗೆಲುವುಗಳೆಲ್ಲ ಇಂಥವೇ. ಆಮೇಲೆ ಅವಳು ಕೌಂಟಿಯ, ಎಂದರೆ ಜಿಲ್ಲೆಯ, ನ್ಯಾಯಾಲಯದ ಕಟ್ಟಡದಲ್ಲಿ ಗುಮಾಸ್ತೆಯಾದಳು. ಅಟ್ಟದ ಮೇಲೆ ಪಾರಿವಾಳದ ಹಿಕ್ಕೆಯಡಿ ಬಿದ್ದಿದ್ದ ಪೆಟ್ಟಿಗೆಗಳನ್ನು ಗುಡಿಸಲು ಕಳಿಸಿದರು. ಗುಡಿಸಲು ಹೋದವಳು ಕೆಳಗಿಳಿಯಲೇ ಇಲ್ಲ ಅನ್ನಬೇಕು. ಬೇಸಿಗೆಯ ರಜೆಗಳಲ್ಲಿ ಪಕ್ಕದ ಕಾಲೇಜಿಗೆ ಹೋಗಿ ಕೆಲಸ ಕಲಿತಳು, ಪತ್ರಾಗಾರ ಅಂತ ಬಾಗಿಲಿಗೆ ಹಲಗೆ ಹಾಕಿಸಿದಳು.

ಆ ಪೆಟ್ಟಿಗೆಗಳಲ್ಲಿ ಇದ್ದವು ಗಣಿಯ ಸಾವುಗಳ ಪಂಚನಾಮೆಗಳು. ಗಣಿಯಲ್ಲಿ ಒಬ್ಬ ಸತ್ತರೆ ಆರು ಮಂದಿ ಪಂಚರು ಕೂತು, ಅವನ ಜೊತೆ ಕೆಲಸ ಮಾಡುತ್ತಿದ್ದವರನ್ನು ಕರೆದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಸುತ್ತಿದ್ದರು. ಕಂಪನಿಯವರು ತಮಗೆ ಬೇಕಾದ್ದನ್ನು ಬರೆದುಕೊಳ್ಳುತ್ತಿದ್ದರು. ಪತ್ರಿಕೆಯವರಂತೂ ಹೆಸರನ್ನೂ ಕೇಳುತ್ತಿರಲಿಲ್ಲ, 'ಹಂಗೇರಿಯವನೊಬ್ಬ ಸತ್ತ' ಎಂದು ಒಂದು ಸಾಲು, ಪಕ್ಕದಲ್ಲೇ ಸಾಬೂನಿನ ಜಾಹೀರಾತು. ಇಂಗ್ಲಿಷ್ ಬಾರದ ಆ ಗಂಡಸರ ಮಾತು ಈ ಲೋಕದಲ್ಲಿ ಕಾಗದಕ್ಕೆ ಬಿದ್ದದ್ದು ಆ ಪಂಚನಾಮೆಗಳಲ್ಲಿ ಮಾತ್ರ. 'ಮಾಡಿನ ಬಂಡೆ ಬಿರುಕು ಬಿಟ್ಟಿದೆ ಅಂತ ಮೇಸ್ತ್ರಿಗೆ ಹೇಳಿದ್ದ, ಮೇಸ್ತ್ರಿ ಒಳಗೆ ಹೋಗು ಇಲ್ಲ ಮನೆಗೆ ಹೋಗು ಅಂದ' ಎನ್ನುವಂಥ ಮಾತುಗಳು. ಮೊಮ್ಮಕ್ಕಳು ಬಂದು ಓದುತ್ತಿದ್ದರು. ಓದಿ, ಹೊರಗೆ ಹೋಗಿ ಸಿಗರೇಟು ಸೇದಿ, ಮತ್ತೆ ಒಳಗೆ ಬಂದು ಓದುತ್ತಿದ್ದರು.

ಅವಳ ಬಾಲ್ಯದ ಗೆಳತಿ ಸ್ಟೇಷಾ ಮಟುಲಿಸ್ ಒಬ್ಬಳು ಮಾತ್ರ ಬರಲಿಲ್ಲ. ಸ್ಟೇಷಾಳ ಅಪ್ಪ ಆರನೇ ನಂಬರಿನ ಗಣಿಗೆ ಬೆಂಕಿ ಬಿದ್ದಾಗ ಸತ್ತವನು. ಆಗ ಅವಳು ತೊಟ್ಟಿಲಲ್ಲಿದ್ದಳು. "ಬಾರೇ, ತೆಗೆದಿಟ್ಟಿದೀನಿ" ಎಂದರೆ "ಈಸ್ಟರ್ ಕಳೀಲಿ ಕಣೆ" ಎನ್ನುತ್ತಿದ್ದಳು. ಎಷ್ಟೋ ಈಸ್ಟರ್ ಕಳೆದವು.

ಬರ್ನಡೀನಳೂ ಒಂದು ತಪ್ಪು ಮಾಡಿದಳು. ಅವಳ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಕಾಗದಗಳ ನಕಲು ಚಿತ್ರ ತೆಗೆಸಲು ಕೌಂಟಿ ಎಂಜಲು ಕಾಸು ಬಿಸಾಕುತ್ತಿತ್ತು, ವರ್ಷಕ್ಕೆ ಕೆಲವು ಪೆಟ್ಟಿಗೆಯಾದರೆ ಹೆಚ್ಚು. ಮುಟ್ಟಿದರೆ ಪುಡಿಯಾಗುವ ಹಳೆಯ ದಿನಪತ್ರಿಕೆಗಳನ್ನು ಅವಳು ಮೊದಲು ಕಳಿಸಿದಳು. ಪಂಚನಾಮೆಗಳದು ಬಟ್ಟೆಯಿಂದ ಮಾಡಿದ ಗಟ್ಟಿ ಕಾಗದ, ಇನ್ನೂ ಇನ್ನೂರು ವರ್ಷ ಬಾಳುವಂಥದ್ದು, ಕೊನೆಗಾದರಾಯಿತು ಎಂದುಕೊಂಡಳು. ಸಾಯುತ್ತಿರುವ ಕಾಗದಕ್ಕೆ ಮೊದಲ ಸರದಿ ಎಂಬುದು ಅವರ ಪಾಠ. ಪಾಠ ಬರೆದವನಿಗೆ ಕ್ಲೈನ್‌ಫೆಲ್ಟರ್ ಗೊತ್ತಿರಲಿಲ್ಲ.

ಅವನು ಚುನಾವಣೆಯಲ್ಲಿ ಗೆದ್ದು ಕೌಂಟಿಯ ಆಡಳಿತ ನಡೆಸುವ ಕಮಿಷನರ್ ಆಗಿ ಬಂದ. ಅಟ್ಟಕ್ಕೆ ಹತ್ತಿ ಕಿಟಕಿಯಿಂದ ಕಣಿವೆ ನೋಡಿ ಖುಷಿಪಟ್ಟು, ಇಲ್ಲೊಂದು ಸಭಾಕೋಣೆ ಆಗಬೇಕು ಎಂದ. ಪೆಟ್ಟಿಗೆಗಳು ಹಳೆಯ ಜೈಲಿನ ನೆಲಮಾಳಿಗೆಗೆ ಹೋಗಲಿ ಎಂದ. ಬಹಿರಂಗ ಸಭೆಯಲ್ಲಿ ಮಾತಾಡಲು ಪ್ರತಿಯೊಬ್ಬರಿಗೂ ಮೂರು ನಿಮಿಷ. ಬರ್ನಡೀನ್ ಎದ್ದು ನಿಂತಳು.

"ಆ ನೆಲಮಾಳಿಗೆಗೆ ಹಿಮ ಕರಗಿದಾಗೆಲ್ಲ ನೀರು ನುಗ್ಗುತ್ತೆ. ಅಲ್ಲಿ ಕೈದಿಗಳನ್ನ ಇಡೋದು ಅನ್ಯಾಯ ಅಂತ ಜೈಲು ಮುಚ್ಚಿಸಿದ್ದು ನೀವೇ ಅಲ್ವಾ?"

"ಕೈದಿಗಳಿಗೆ ನೆಗಡಿ ಆಗುತ್ತೆ ಮೇಡಂ. ಪೆಟ್ಟಿಗೆಗಳಿಗೆ ಆಗಲ್ಲ."

ಸಭೆ ನಕ್ಕಿತು. ಕ್ಲೈನ್‌ಫೆಲ್ಟರ್‌ಗೆ ನಗು ಕೇಳಿದರೆ ಇನ್ನೊಂದು ತುತ್ತು ಬೇಕು.

"ನಾನು ಬದುಕಿರೋರ ಕಡೆ ನೋಡ್ಬೇಕಲ್ವಾ? ಸತ್ತೋರು ವೋಟ್ ಹಾಕಲ್ಲ ನೋಡಿ."

"ಈ ಕೌಂಟೀಲಿ ಸತ್ತೋರು ವೋಟ್ ಹಾಕ್ದೆ ಇದ್ದಿದ್ರೆ ನಿಮ್ಮ ತಾತ ಗೆಲ್ತಾನೇ ಇರ್ಲಿಲ್ಲ!"

ಈ ಸಲದ ನಗು ದೊಡ್ಡದಿತ್ತು, ಅವನ ಕಿವಿ ಕೆಂಪಗಾಯಿತು. ಆದರೆ ನಗುವಿಗೆ ವೋಟಿಲ್ಲ. ಪೆಟ್ಟಿಗೆಗಳು ನೆಲಮಾಳಿಗೆಗೆ ಹೋದವು.

ಮುಂದಿನ ಮಾರ್ಚಿನಲ್ಲಿ ಹಿಮದ ಮೇಲೆ ಮಳೆ ಬಿತ್ತು. ನೀರು ನುಗ್ಗಿದ್ದನ್ನು ಬರ್ನಡೀನಳಿಗೆ ಯಾರೂ ಹೇಳಲಿಲ್ಲ. ಒದ್ದೆ ಕಾಗದ ನಾರುವ ಮೊದಲೇ, ಮುಖ್ಯವಾಗಿ ಅವಳ ಮೂಗಿಗೆ ಬೀಳುವ ಮೊದಲೇ, ಎಲ್ಲ ಎತ್ತಿಸಿಬಿಡಿ ಎಂದು ಕ್ಲೈನ್‌ಫೆಲ್ಟರ್ ಆದೇಶ ಕೊಟ್ಟ. ಅವಳು ಓಡಿ ಬರುವಷ್ಟರಲ್ಲಿ ಒಂದು ಲಾರಿ ಹೊರಟುಹೋಗಿತ್ತು. ಇನ್ನೊಂದು ಲಾರಿಗೆಂದು ಇಟ್ಟಿದ್ದ ಕಬ್ಬಿಣದ ಕಸದ ತೊಟ್ಟಿ ಅರ್ಧ ತುಂಬಿತ್ತು. ಅವಳು ಸ್ಕರ್ಟು ಎತ್ತಿಕಟ್ಟಿ ತೊಟ್ಟಿಯೊಳಗೆ ಇಳಿದಳು. ಪೊಲೀಸಿನ ಹುಡುಗ ಬಂದ. "ಬರ್ನಿ ಆಂಟಿ, ಇಳೀರಿ, ಕೇಸಾಗುತ್ತೆ" ಎಂದ. "ಇಳಿದೇ ಇದೀನಲ್ಲೋ, ಇನ್ನೆಲ್ಲಿಗೆ ಇಳೀಲಿ? ಹಿಡಿ ಇದನ್ನ" ಎಂದು ನೀರು ಸೋರುವ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಹಿಡಿದುಕೊಂಡ. ಕ್ಲೈನ್‌ಫೆಲ್ಟರ್ ಕಿಟಕಿಯಿಂದ ನೋಡುತ್ತಿದ್ದ. ಅವನ ಕಡೆ ತಿರುಗಿ ಅವಳು ಕೂಗಿದ ಮಾತುಗಳನ್ನು ಚರ್ಚಿನ ಹೆಂಗಸರು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಇಲ್ಲಿ ಬರೆಯುವ ಹಾಗಿಲ್ಲ.

ಒದ್ದೆ ಕಾಗದವನ್ನು ಉಳಿಸುವ ದಾರಿ ಒಂದೇ, ಕೂಡಲೇ ಹೆಪ್ಪುಗಟ್ಟಿಸಬೇಕು. ಇಲ್ಲದಿದ್ದರೆ ಬೂಷ್ಟು ತಿನ್ನುತ್ತದೆ. ಹಾರೋ ಗ್ಯಾಪಿನಲ್ಲಿ ಅಷ್ಟು ದೊಡ್ಡ ಶೀತಪೆಟ್ಟಿಗೆ ಇದ್ದದ್ದು ಸೇಂಟ್ ಜಾರ್ಜ್ ಚರ್ಚಿನ ಅಡುಗೆಮನೆಯಲ್ಲಿ. ಅದು ಲೆಂಟ್ ಉಪವಾಸದ ಕಾಲ, ಹೆಂಗಸರು ಚರ್ಚಿನ ಖರ್ಚಿಗೆಂದು ಆಲೂಗಡ್ಡೆ ತುಂಬಿ ನೀರಿನಲ್ಲಿ ಬೇಯಿಸುವ ಪಿರೋಗಿ ಕಡುಬು ಮಾಡಿ ಮಾರುವ ಕಾಲ. ಆ ಅಡುಗೆಮನೆಗೆ ಯಜಮಾನಿ ಸ್ಟೇಷಾ.

"ಒಂದು ತಿಂಗಳ ಪಿರೋಗಿ ಇದೆ ಕಣೆ ಇದ್ರಲ್ಲಿ!"

"ತೆಗೆದು ಹಂಚು."

"ಹಂಚೋದಾ? ತಲೆ ಕೆಟ್ಟಿದ್ಯಾ? ಚರ್ಚು ಬೆಚ್ಚಗಿಡೋ ಬಾಯ್ಲರ್ ರಿಪೇರಿಗೆ ಅಂತ ಮಾಡಿರೋದು. ಪಾದ್ರಿ ನನ್ನ ಸುಲೀತಾನೆ."

"ಸ್ಟೇಷಾ, ನಿಮ್ಮಪ್ಪ ಈ ಪೆಟ್ಟಿಗೆಗಳಲ್ಲಿ ಇರ್ಬಹುದು."

ಸ್ಟೇಷಾ ಮುಚ್ಚಳ ತೆಗೆದು ಪಿರೋಗಿ ಹೊರಗೆ ಹಾಕತೊಡಗಿದಳು. ಊರೆಲ್ಲ ಬಿಟ್ಟಿ ಪಿರೋಗಿ ತಿಂದು ತೇಗಿತು, ಸತ್ತ ಗಣಿಗಾರರು ಶೀತಪೆಟ್ಟಿಗೆಯಲ್ಲಿ ಮಲಗಿದರು.

ಸ್ಟೇಷಾಳ ಅಪ್ಪ ಅವರಲ್ಲಿ ಇರಲಿಲ್ಲ. ಬೆಂಕಿಯ ವರ್ಷದ ಪೆಟ್ಟಿಗೆಗಳಷ್ಟೂ ಮೊದಲ ಲಾರಿಯಲ್ಲಿ ಹೋಗಿದ್ದವು. ಬರ್ನಡೀನ್ ಕಸದ ಗುಡ್ಡದವರೆಗೂ ಹೋದಳು. ಬುಲ್ಡೋಜರು ಆಗಲೇ ಮಣ್ಣು ಮುಚ್ಚಿತ್ತು. ಗಣಿಯಲ್ಲಿ ಒಮ್ಮೆ ಹೂತುಹೋದವರನ್ನು ಕ್ಲೈನ್‌ಫೆಲ್ಟರ್ ಇನ್ನೊಮ್ಮೆ ಹೂತಿದ್ದ.

ಕೇಳಿದವರಿಗೆಲ್ಲ ಅವನು ಹೇಳಿದ್ದು "ಆರೋಗ್ಯದ ದೃಷ್ಟಿಯಿಂದ". ಮರುವರ್ಷ ಖರ್ಚು ಉಳಿಸುವ ನೆಪದಲ್ಲಿ ಅವಳ ಕೆಲಸವನ್ನೇ ತೆಗೆದ. ಆಮೇಲಿನದು ಉದ್ದನೆಯ ಜಗಳ. ಸಹಿ ಸಂಗ್ರಹ, ನ್ಯಾಯಾಲಯದ ಮೆಟ್ಟಿಲ ಮೇಲೆ ಫಲಕ ಹಿಡಿದು ನಿಂತದ್ದು, ರಾಜಧಾನಿಗೆ ಬಸ್ಸು ಮಾಡಿಕೊಂಡು ಹೋಗಿ ಶಾಸಕರ ಬಾಗಿಲು ಕಾದದ್ದು. 'ಎಲ್ಲಾ ಕಂಪ್ಯೂಟರಿನಲ್ಲಿ ಇದೆಯಲ್ಲ' ಎಂದ ಪ್ರತಿಯೊಬ್ಬನಿಗೂ 'ಹಾಕಿದವರು ಯಾರು, ನಿಮ್ಮಜ್ಜಿಯಾ?' ಎಂದು ಕೇಳಿದ್ದು. ಕೊನೆಗೆ ಲೊರೇನ್ ಪ್ಯೂ ಮುಂದೆ ಬಂದು ಮಂಡಳಿ ಕಟ್ಟಿದಳು, ಮುಚ್ಚಿದ ಬ್ಯಾಂಕಿನ ಕಟ್ಟಡವೊಂದು ಸಿಕ್ಕಿತು. ಪತ್ರಾಗಾರ ಮತ್ತೆ ತೆರೆಯಿತು. ಪೆಟ್ಟಿಗೆಗಳನ್ನಿಟ್ಟ ಅಲ್ಲಿಯ ತಿಜೋರಿ ಕೋಣೆ ಗಟ್ಟಿ, ಸೂರು ಜರಡಿ.

ಅಂಥ ಮನೆಗೆ ಈಗ ಕ್ಲೈನ್‌ಫೆಲ್ಟರ್‌ನ ಪೆಟ್ಟಿಗೆಗಳು ಬಂದವು. ನಿವೃತ್ತನಾದ ಮೇಲೆ ಅವನಿಗೆ ಚರಿತ್ರೆಯ ಚಪಲ ಹತ್ತಿತ್ತು. ರಿಬ್ಬನ್ ಕತ್ತರಿಸುವ ಫೋಟೋಗಳು, ಗಾಲ್ಫ್ ಆಡುವ ಫೋಟೋಗಳು, ತನ್ನ ಭಾಷಣಗಳು, ತನಗೆ ಬಂದ ಹೊಗಳಿಕೆಯ ಪತ್ರಗಳು. ಬರ್ನಡೀನ್ ಒಂದನ್ನೂ ಬಿಸಾಕಲಿಲ್ಲ. ತುಕ್ಕು ಹಿಡಿದ ಕ್ಲಿಪ್ಪು ತೆಗೆದು, ಒಳ್ಳೆಯ ಕಡತಗಳಲ್ಲಿಟ್ಟು, ಪೆನ್ಸಿಲಿನಲ್ಲಿ ಹೆಸರು ಬರೆದಳು. ಶತ್ರುವಿನ ಕಾಗದವಾದರೂ ಕಾಗದ.

ಪ್ರತಿ ಸಂಗ್ರಹದ ಮೊದಲ ಪುಟದಲ್ಲಿ ಕೊಟ್ಟವರ ಪರಿಚಯ ಬರೆಯುವುದು ಪತ್ರಾಗಾರದ ಪದ್ಧತಿ. ಅದನ್ನು ಬರೆಯುವವಳು ಅವಳೇ. ಮೊದಲ ಕರಡಿನಲ್ಲಿ ಬೈಗುಳಗಳೇ ತುಂಬಿದ್ದವು. ಅದನ್ನು ಓದಿ ಲೊರೇನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ನಕ್ಕಿದ್ದಕ್ಕೋ ಗಾಬರಿಗೋ ತಿಳಿಯಲಿಲ್ಲ. ಬರ್ನಡೀನ್ ತಾನೇ ಅದನ್ನು ಹರಿದಳು. ಬೈಗುಳ ಇದ್ದರೆ ಓದುವವರಿಗೆ ಬೈದವಳ ಮೇಲೆ ಅನುಮಾನ ಬರುತ್ತದೆ. ಎರಡನೆಯದರಲ್ಲಿ ಹುಟ್ಟು, ಶಾಲೆ, ಚುನಾವಣೆ, ಕಟ್ಟಿಸಿದ ಸೇತುವೆ ಎಲ್ಲ ಇತ್ತು. ನಡುವೆ ಈ ಒಂದು ವಾಕ್ಯ:

'ಇವರ ಆದೇಶದಂತೆ ಗಣಿ ಸಾವುಗಳ ಪಂಚನಾಮೆಗಳನ್ನು ಹಳೆಯ ಜೈಲಿನ ನೆಲಮಾಳಿಗೆಗೆ ಸಾಗಿಸಲಾಯಿತು, ಅಲ್ಲಿ ಅವು ನೀರಿನಲ್ಲಿ ನೆನೆದಾಗ, ಇವರ ಆದೇಶದಂತೆಯೇ ಕಸಕ್ಕೆ ಹಾಕಲಾಯಿತು.'

ಸಂಗ್ರಹ ಓದುಗರಿಗೆ ತೆರೆದ ವಾರವೇ ಕ್ಲೈನ್‌ಫೆಲ್ಟರ್ ಬಂದ. ಬಕೆಟ್ಟುಗಳನ್ನು ದಾಟಿಕೊಂಡು, ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದು ಕೂತ.

"ಬರ್ನಡೀನ್, ನಾವಿಬ್ರೂ ಮುದುಕರಾದ್ವಿ."

"ನೀವಾದ್ರಿ."

"ಆ ವಾಕ್ಯ ತೆಗೀಬೇಕು."

"ಸುಳ್ಳಿದ್ರೆ ತೆಗೀತೀನಿ. ಯಾವ್ದು ಸುಳ್ಳು, ಹೇಳಿ."

"ಸುಳ್ಳು ಅಂತ ಯಾರಂದ್ರು? ಹೇಳೋ ರೀತಿ ಅಂತ ಒಂದಿರುತ್ತೆ."

"ಬೇರೆ ಯಾವ ರೀತೀಲಿ ಹೇಳ್ಲಿ?"

"ಹೇಳ್ದೇನೂ ಇರ್ಬಹುದಲ್ಲ." ಅವನು ಮೇಲೆ ನೋಡಿದ. ಸೂರಿನಿಂದ ಒಂದು ಹನಿ ಅವನ ಭುಜದ ಮೇಲೇ ಬಿತ್ತು. "ಈ ಸೂರು ಪೂರ್ತಿ ಹೊಸದು ಹಾಕಿಸ್ಕೊಡ್ತೀನಿ. ನನ್ನ ಕೈಯಿಂದ. ಆ ಒಂದು ವಾಕ್ಯ, ಅಷ್ಟೇ ನಾನು ಕೇಳೋದು."

ಅವನು ಹೋದ ಮೇಲೆ ಲೊರೇನ್ ಬಾಗಿಲು ಹಾಕಿ ಶುರುಮಾಡಿದಳು. "ಈ ಚಳಿಗಾಲ ಈ ಸೂರು ನಿಲ್ಲಲ್ಲ ಬರ್ನಿ. ತೊಟ್ಟಿಯಿಂದ ಎತ್ತಿ ತಂದ್ಯಲ್ಲ, ಅವೇ ಕಾಗದ ಮತ್ತೆ ನೆನೀತವೆ. ಒಂದು ವಾಕ್ಯಕ್ಕೋಸ್ಕರ ಉಳಿದೋರನ್ನೂ ಮುಳುಗಿಸ್ತೀಯಾ? ನಿನ್ನ ಸೇಡು ದೊಡ್ಡದೋ ಆ ಪೆಟ್ಟಿಗೆಗಳು ದೊಡ್ಡವೋ?"

ಬರ್ನಡೀನ್ ಕೋಟು ಎತ್ತಿಕೊಂಡಳು. ಎರಡೂ ಅವಳಿಗೆ ಒಂದೇ ತೂಕ, ತೊಂದರೆ ಇದ್ದದ್ದೇ ಅಲ್ಲಿ. ಅವನಿಗೆ ಸೋಲುವುದೆಂದರೆ ತೊಟ್ಟಿಯೊಳಗೆ ಮತ್ತೆ ಇಳಿದಂತೆ, ಈ ಸಲ ಅವನೇ ಮುಚ್ಚಳ ಹಾಕುತ್ತಾನೆ. ಸೂರು ಬೇಡವೆಂದರೆ ತಿಜೋರಿಯಲ್ಲಿರುವ ಸತ್ತವರ ಮೇಲೆ ನೀರು. ಅವಳು ಸೀದಾ ಚರ್ಚಿನ ಅಡುಗೆಮನೆಗೆ ಹೋದಳು. ಸ್ಟೇಷಾ ಹಿಟ್ಟು ಲಟ್ಟಿಸುತ್ತಿದ್ದಳು. ಬರ್ನಡೀನ್ ಎಲ್ಲ ಹೇಳಿದಳು.

"ಆ ವಾಕ್ಯ ನಿಮ್ಮಪ್ಪನ ಪಂಚನಾಮೆ ಹೋದ ಬಗ್ಗೆ. ನೀನೇ ಹೇಳು."

ಸ್ಟೇಷಾ ಲಟ್ಟಣಿಗೆ ನಿಲ್ಲಿಸಲಿಲ್ಲ. "ಸೂರು ತಗೋ."

"ಮತ್ತೆ ಅವನು?"

"ಅವನನ್ನ ಬಿಡು ಅಂತ ನಾನೆಲ್ಲಿ ಅಂದೆ? ಸೂರೂ ತಗೋ, ಅವನನ್ನೂ ಹಿಡ್ಕೋ. ಹೆಂಗೆ ಅಂತ ನನ್ನ ಕೇಳ್ಬೇಡ. ಓದಿರೋಳು ನೀನು. ನಂಗೆ ಗೊತ್ತಿರೋದು ಪಿರೋಗಿ, ಅಂಚು ಸರಿಯಾಗಿ ಒತ್ತದಿದ್ರೆ ಒಳಗಿರೋದೆಲ್ಲ ನೀರಿಗೆ ಬರುತ್ತೆ."

ಲೊರೇನಳ ಕಚೇರಿಯಲ್ಲಿ ಒಪ್ಪಂದವಾಯಿತು. ಕ್ಲೈನ್‌ಫೆಲ್ಟರ್‌ಗೆ ಈಗ ಹೆಸರಿನ ಚಿಂತೆ. "ಕದ್ದುಮುಚ್ಚಿ ತೆಗೆಸಿದ ಅಂತ ಯಾರೂ ಅನ್ಬಾರ್ದು. ಎಲ್ಲಾ ನಿಮ್ಮ ಪತ್ರಾಗಾರದ ಪದ್ಧತಿ ಪ್ರಕಾರವೇ ಆಗ್ಬೇಕು. ಅದನ್ನೂ ಬರೀರಿ" ಎಂದ.

"ಪದ್ಧತಿ ಪ್ರಕಾರವೇ?" ಬರ್ನಡೀನ್ ಕೇಳಿದಳು.

"ಚಾಚೂ ತಪ್ಪದೆ."

ಲೊರೇನ್ ಮೇಜಿನ ಕೆಳಗೆ ಬರ್ನಡೀನಳ ಕಾಲು ತುಳಿದಳು. ಅವಳಿಗೂ ಗೊತ್ತಾಗಿತ್ತು. ಆದರೆ ವಕೀಲೆಯ ಕಕ್ಷಿದಾರ ಅವನಲ್ಲವಲ್ಲ, ತೆಪ್ಪಗೆ ಬರೆದುಕೊಂಡಳು. ಅವನು ಸಹಿ ಹಾಕಿದ.

ಸೂರು ಮೊದಲು. ತಾಮ್ರದ ಅಂಚಿನ, ಕಪ್ಪು ಹಲಗೆಯ ಚಂದದ ಸೂರು. ಜೋರು ಮಳೆಯೊಂದು ಬಂದು ಹೋಗುವವರೆಗೆ ಬರ್ನಡೀನ್ ಕಾದಳು. ಬಕೆಟ್ಟುಗಳು ಒಣಗಿದ್ದವು. ಆಮೇಲೆ ಮಾತಿಗೆ ತಪ್ಪದೆ ಆ ವಾಕ್ಯವನ್ನು ತೆಗೆದಳು.

ಪತ್ರಾಗಾರದಲ್ಲಿ ಯಾವುದನ್ನು ತೆಗೆದರೂ ತೆಗೆದ ಜಾಗದಲ್ಲಿ ಒಂದು ಹಳದಿ ಚೀಟಿ ಇಡಬೇಕು. ಏನಿತ್ತು, ಯಾವ ವಿಷಯದ್ದು, ಯಾರು ಕೇಳಿದ್ದಕ್ಕೆ ತೆಗೆಯಲಾಯಿತು, ಯಾವತ್ತು. ತೆಗೆದದ್ದು ಕಾಣೆಯಾಗಬಹುದು, ತೆಗೆದರು ಎಂಬುದು ಕಾಣೆಯಾಗಬಾರದು. ಈ ಕಸುಬಿನವರಿಗೆ ಅದು ಪಾದ್ರಿಗೆ ಶಿಲುಬೆ ಇದ್ದಂತೆ. ಬರ್ನಡೀನ್ ಮೇಲೆ ತಾರೀಖು ಹಾಕಿ, ತನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಳು:

'ಇಲ್ಲಿದ್ದ ಒಂದು ವಾಕ್ಯವನ್ನು ತೆಗೆಯಲಾಗಿದೆ. ವಿಷಯ: ಗಣಿ ಸಾವುಗಳ ಪಂಚನಾಮೆಗಳು ನಾಶವಾದ ಬಗೆ. ಕೋರಿದವರು: ವೆಂಡೆಲ್ ಕ್ಲೈನ್‌ಫೆಲ್ಟರ್. ಕೋರಿಕೆಯೊಡನೆ ಬಂದದ್ದು: ಈ ಕಟ್ಟಡದ ಸೂರು.'

ಮುಂಚೆ ಆ ವಾಕ್ಯ ಪುಟದ ನಡುವೆ ಎಲ್ಲೋ ಇತ್ತು. ಹಾಗೇ ಬಿಟ್ಟಿದ್ದರೆ ಅರ್ಧ ಓದುಗರು ದಾಟಿಕೊಂಡು ಹೋಗುತ್ತಿದ್ದರು. ಹಳದಿ ಚೀಟಿಯನ್ನು ದಾಟುವವರಿಲ್ಲ. ಮೊದಲು ಬಂದವನು ಶಾಲೆಯ ಮೇಷ್ಟ್ರು. "ಏನು ವಾಕ್ಯ ಇದು?" ಎಂದ. "ಹೇಳೋ ಹಾಗಿಲ್ಲ, ಒಪ್ಪಂದ ಇದೆ. ಅವರನ್ನೇ ಕೇಳಿ, ನಂಬರ್ ಕೊಡ್ಲಾ?" ಎಂದಳು ಬರ್ನಡೀನ್. ಆಮೇಲೆ ಪತ್ರಿಕೆಯವಳು ಬಂದಳು. ಅವಳಿಗೂ ನಂಬರ್ ಕೊಟ್ಟಳು.

ಕ್ಲೈನ್‌ಫೆಲ್ಟರ್ ಈ ಸಲ ಟೋಪಿ ತೆಗೆಯಲಿಲ್ಲ.

"ಮೋಸ ಇದು! ಬರೀ ಮೋಸ! ತೆಗೀರಿ ಆ ಚೀಟೀನ!"

"ತೆಗೀಬಹುದು" ಬರ್ನಡೀನ್ ಡ್ರಾಯರ್ ಎಳೆದಳು. "ಆದ್ರೆ ಚೀಟಿ ತೆಗೆದ್ರೆ, ಚೀಟಿ ತೆಗೆದಿದ್ದಕ್ಕೆ ಇನ್ನೊಂದು ಚೀಟಿ ಇಡ್ಬೇಕು. ಕೋರಿದವರು ಅಂತ ನಿಮ್ಮ ಹೆಸರು ಎರಡನೇ ಸಲ ಬರುತ್ತೆ. ಬರೀಲಾ?"

"ನನ್ನ ಪೆಟ್ಟಿಗೆ ವಾಪಸ್ ಕೊಡಿ."

"ದಾನ ಕೊಟ್ಟಿದ್ದು ಈಗ ನಿಮ್ಮದಲ್ಲ."

"ಹಾಗಾದ್ರೆ ನನ್ನ ಸೂರು ವಾಪಸ್ ಕೊಡಿ!"

"ಏಣಿ ಹಿತ್ತಿಲಲ್ಲಿದೆ."

ಅವನು ನಿಂತೇ ಇದ್ದ. ಅವನ ಕಿವಿ ಆ ಸಭೆಯ ದಿನದಂತೆಯೇ ಕೆಂಪಗಾಗಿತ್ತು. ಬರ್ನಡೀನ್ ನೋಡಿದಳು, ಚೆನ್ನಾಗಿ ನೋಡಿದಳು. ಮುದುಕ ಎಂದು ಕನಿಕರ ಬರುತ್ತದೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ.

"ನಿಮಗೆ ಏನು ಬೇಕು ನನ್ನಿಂದ?" ಕೊನೆಗೆ ಅವನು ಕೇಳಿದ.

"ಆರನೇ ನಂಬರಿನ ಬೆಂಕಿಯ ಪಂಚನಾಮೆ. ತಂದುಕೊಡಿ, ಆ ಚೀಟೀನ ನನ್ನ ಬಾಯಿಂದಾನೇ ಅಗಿದು ನುಂಗ್ತೀನಿ."

ಅವನು ಬಾಗಿಲು ಬಡಿದುಕೊಂಡು ಹೋದ.

ಸುದ್ದಿ ಚರ್ಚಿನ ಅಡುಗೆಮನೆಗೆ ಮುಟ್ಟಿತು. ಪತ್ರಾಗಾರ ಪ್ರತಿ ವರ್ಷ ಕೌಂಟಿಗೆ ವರದಿ ಕೊಡುತ್ತದೆ, ಅದರಲ್ಲಿ ಜನ ಅತಿ ಹೆಚ್ಚು ಕೇಳಿ ನೋಡಿದ ಸಂಗ್ರಹ ಯಾವುದೆಂದು ಬರೆಯಬೇಕು, ಅದನ್ನು ಕೊಟ್ಟವರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ ಎಂದು ಬರ್ನಡೀನ್ ಅಲ್ಲಿಯ ಹೆಂಗಸರಿಗೆ ಮಾತಿನ ನಡುವೆ ಹೇಳಿದಳು. ಹೇಳಬೇಕೆಂದೇ ಹೇಳಿದಳೋ ಏನೋ. ಮಾರನೆಯ ದಿನದಿಂದ ಪಿರೋಗಿ ಹೆಂಗಸರು ಸರದಿ ಹಾಕಿಕೊಂಡು ಬರತೊಡಗಿದರು. ಕೋಟು ಬಿಚ್ಚಿ, ಪೆನ್ಸಿಲಿನಲ್ಲಿ ಹೆಸರು ಬರೆದು, "ಕ್ಲೈನ್‌ಫೆಲ್ಟರ್ ಕೊಡೇ" ಎನ್ನುತ್ತಿದ್ದರು. ಪೆಟ್ಟಿಗೆ ಕಪಾಟಿಗೆ ಹೋಗಲು ಪುರಸೊತ್ತೇ ಇರಲಿಲ್ಲ.

"ಅಯ್ಯೋ ನೋಡ್ರೇ, ಗಾಲ್ಫ್ ಚಡ್ಡೀಲಿ ಇವನ ಮೊಣಕಾಲು!"

"ರಿಬ್ಬನ್ ಕತ್ತರಿಸೋಕೆ ಇಷ್ಟು ದೊಡ್ಡ ಕತ್ತರಿ ಯಾಕೆ ಇವನಿಗೆ?"

"ಮಾತಾಡ್ಬೇಡಿ, ಇದು ಓದೋ ಕೋಣೆ" ಎಂದು ಬರ್ನಡೀನ್ ಗದರುತ್ತಿದ್ದಳು. ಗದರುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ವರದಿ ಕೌಂಟಿಗೆ ಹೋಗುವ ಹಿಂದಿನ ವಾರ ಸ್ಟೇಷಾ ಬಂದಳು. ಈ ಕೋಣೆಗೆ ಅವಳು ಬಂದದ್ದು ಅದೇ ಮೊದಲು. ಫೋಟೋಗಳ ಕಡೆ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಹಳದಿ ಚೀಟಿಯನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು.

"ನಮ್ಮಪ್ಪ ಏನಂದಿದ್ದ, ಅವನ ಬಗ್ಗೆ ಜೊತೆಯವರು ಏನಂದಿದ್ರು, ಒಂದೂ ಇಲ್ಲ ಇದ್ರಲ್ಲಿ."

"ಇಲ್ಲ."

"ಇವನ ಹೆಸರಿದೆ."

"ಇದೆ."

"ಈ ಕಾಗದ ಎಷ್ಟು ವರ್ಷ ಬಾಳುತ್ತೆ?"

"ಗಟ್ಟಿ ಕಾಗದ ಕಣೆ. ನಾವು ಸತ್ತ ಮೇಲೂ, ಅವನ ಮೊಮ್ಮಕ್ಕಳು ಸತ್ತ ಮೇಲೂ."

ಸ್ಟೇಷಾ ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟು, ಕಡತ ಮುಚ್ಚಿ, ಪೆಟ್ಟಿಗೆಯನ್ನು ಬರ್ನಡೀನಳ ಕಡೆ ತಳ್ಳಿದಳು. "ಸಭೆ ಯಾವತ್ತು? ಮುಂದಿನ ಸಾಲಲ್ಲಿ ಕೂತ್ಕೋಬೇಕು ನಾನು. ಅವನು ಎದ್ದು ನಿಂತಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ತೀನಿ" ಎಂದಳು.